ಚಿಕ್ಕಮ್ಮನ ಕಣ್ಣೊಳಗಿನ ಬಳೆ

ಚಿಕ್ಕಮ್ಮನ ಕಣ್ಣಿನ ಬಿಳಿಯಲ್ಲಿ ಕೂದಲಷ್ಟು ಸಣ್ಣ ಕೆಂಪು ಎಳೆಗಳಿದ್ದವು. ಅವನ್ನು ನೋಡಬೇಕಾದರೆ ನಾನು ಅವಳೆದುರು ನೆಲದ ಮೇಲೆ ಕೂರಬೇಕಿತ್ತು, ಏಕೆಂದರೆ ಅವಳು ತಲೆ ಎತ್ತುತ್ತಲೇ ಇರಲಿಲ್ಲ. ಎತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಬಂದವರನ್ನೆಲ್ಲ ಕಾಲು ನೋಡಿಯೇ ಗುರುತಿಸುತ್ತಿದ್ದಳು. "ಏ ಗೂಡೆ, ಹೆಬ್ಬೆಟ್ಟಿನ ಉಗುರು ಎಲ್ಲಿ ಬಿಟ್ಟು ಬಂದೆ?" ಎಂದು ನನ್ನನ್ನು ರೇಗಿಸುತ್ತಿದ್ದಳು; ನಮ್ಮ ಮಾತಿನಲ್ಲಿ ಗೂಡೆ ಎಂದರೆ ಹುಡುಗಿ.

ಕೊಡಗು ಇನ್ನೂ ಮೈಸೂರಿಗೆ ಸೇರದೆ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಭಾಗಮಂಡಲದ ಹತ್ತಿರದ ಅಜ್ಜಿಮನೆಯಲ್ಲಿ. ಉಣಿಸಿದವಳು, ಜಡೆ ಹಾಕಿದವಳು ಈ ಚಿಕ್ಕಮ್ಮ. ನನ್ನ ಮಟ್ಟಿಗೆ ತಾಯಿ ಎಂದರೆ ಅವಳೇ. ಹೆಣ್ಣು ನೋಡಲು ಬಂದವರಿಗೆ ಅವಳು ತುಂಬಾ ಹಿಡಿಸಿದಳು. "ತಲೆ ಎತ್ತಿ ಒಂದು ಮಾತಾಡುವುದಿಲ್ಲ, ಎಷ್ಟು ಮರ್ಯಾದೆಯ ಹುಡುಗಿ!" ಎಂದು ಹೊಗಳಿದ್ದೇ ಹೊಗಳಿದ್ದು. ಚಿಕ್ಕಮ್ಮ ಒಳಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮದುವೆಗೆ ಮುಂಚೆ, ಅವಳ ಬಳಲಿಕೆಗೆ ಏನಾದರೂ ಕೊಡಿಸೋಣವೆಂದು ಅವಳ ಅಣ್ಣ, ನನ್ನ ದೊಡ್ಡ ಮಾವ, ನಾಡಿ ಪಂಡಿತರನ್ನು ಕರೆಸಿದರು. ಅವರು ಬಲಗೈ ಹಿಡಿದರು, ಎಡಗೈ ಹಿಡಿದರು, ಎದ್ದೇಬಿಟ್ಟರು. "ನಾಡಿಯೇ ಇಲ್ಲ. ಇದು ಬದುಕಿರುವವರ ಕೈಯಲ್ಲ" ಎಂದರು. ಅಷ್ಟೇ ಸಾಕಾಯಿತು. ಸತ್ತವರು ಯಾರೋ ಅವಳ ಮೈಯಲ್ಲಿ ಓಡಾಡುತ್ತಿದ್ದಾರೆಂದು ಊರೆಲ್ಲ ನಂಬಿತು. ಸಂಬಂಧ ಮುರಿಯಿತು. ದೊಡ್ಡ ಮಾವ ಅವಳ ಕೈಯ ಅನ್ನ ಬಿಟ್ಟರು. "ಅವ್ವಾ, ನಂಗೆ ಜೀವ ಉಟ್ಟು" ಎಂದು, ತನಗೆ ಜೀವ ಇದೆಯೆಂದು, ಅವಳು ಅಜ್ಜಿಗೆ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಆ ಪಂಡಿತಿಕೆಗಿಷ್ಟು ಬೆಂಕಿ ಬೀಳ!

ಅಜ್ಜಿ ಯಾರ ಮಾತೂ ಕೇಳದೆ ಅವಳನ್ನೂ ನನ್ನನ್ನೂ ಕರೆದುಕೊಂಡು ಮಡಿಕೇರಿಯ ಬಸ್ಸು ಹತ್ತಿದಳು. ಕಣ್ಣಿನ ಡಾಕ್ಟರು ಕಿಟಕಿ ಮುಚ್ಚಿಸಿ, ಸಣ್ಣ ದೀಪ ಹಿಡಿದು, ಚಿಕ್ಕಮ್ಮನ ಕಣ್ಣೊಳಗೆ ಬಹಳ ಹೊತ್ತು ನೋಡಿದರು. "ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ಒಂದಕ್ಕೊಂದು ಕೂಡಿ ಬಳೆ ಥರ ಸುತ್ತಿಕೊಂಡಿವೆ. ಓದಿದ್ದೆ, ಕಂಡದ್ದು ಇವತ್ತೇ" ಎಂದರು. ಎದೆಯಿಂದ ತಲೆಗೂ ಕೈಗೂ ಹೋಗುವ ದೊಡ್ಡ ರಕ್ತನಾಳಗಳು ಕಟ್ಟಿಕೊಳ್ಳುವ ಕಾಯಿಲೆಯಂತೆ. ಮೈಯೇ ತನ್ನ ರಕ್ತನಾಳಗಳ ಮೇಲೆ ತಿರುಗಿಬೀಳುವುದರಿಂದ ಹಾಗಾಗುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. "ಗುಣ ಮಾಡುವ ಔಷಧಿ ನನ್ನ ಹತ್ತಿರ ಇಲ್ಲಮ್ಮ. ಇವರು ಆಗಾಗ ಪ್ರಜ್ಞೆ ತಪ್ಪಿ ಬೀಳಬಹುದು. ಆಗ ಕೈ ಹಿಡಿದು ನೋಡಬೇಡಿ, ನಾಡಿ ಸಿಗುವುದಿಲ್ಲ; ಎದೆಗೆ ಕಿವಿ ಇಟ್ಟು ಕೇಳಿ" ಎಂದರು. ಅಜ್ಜಿ ಅಲ್ಲೇ ಕಿವಿ ಇಟ್ಟಳು. ಆಮೇಲೆ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಮನೆಗೆ ಬಂದು ಎಲ್ಲರಿಗೂ ಅದನ್ನೇ ಹೇಳಿದಳು. ಕಣ್ಣೊಳಗೆ ಬಳೆ ಎಂದದ್ದು ಕೇಳಿ ದೊಡ್ಡ ಮಾವ ನಕ್ಕುಬಿಟ್ಟರು.

ಕಾಫಿ ಕೊಯ್ಲಿನ ಸಮಯದಲ್ಲಿ ಅಜ್ಜಿಯೂ ನಾನೂ ನೆಂಟರ ಮದುವೆಗೆ ಹೋಗಿದ್ದೆವು. ಮರುದಿನ ಸಂಜೆ ಬಂದಾಗ ತೋಟದ ಅಂಚಿನಲ್ಲಿ ಹಸಿಮಣ್ಣಿನ ದಿಬ್ಬವಿತ್ತು. ಬೆಳಿಗ್ಗೆ ಚಿಕ್ಕಮ್ಮ ಅಟ್ಟದ ಬುಟ್ಟಿಗೆಂದು ತಲೆ ಎತ್ತಿದವಳು ಹಾಗೇ ಬಿದ್ದಳಂತೆ. ನಮಗಾಗಿ ಯಾರೂ ಕಾಯಲಿಲ್ಲ. ಕತ್ತಲಾದರೆ ಎದ್ದು ಬಂದಾಳೆಂದು ಅವರಿಗೆ ಭಯ.

ಅಜ್ಜಿ ಅಳಲಿಲ್ಲ. "ಎದೆಗೆ ಕಿವಿ ಇಟ್ಟ್ ನೋಡ್ದವರ್ ಯಾರ್?" ಎಂದು ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದಳು. ಕೊನೆಗೆ ದೊಡ್ಡ ಮಾವ, ಕಾಲಿನ ಮಣ್ಣು ತೊಳೆಯುತ್ತಾ ಹೇಳಿದರು:

"ನಾಡಿ ನೋಡ್ದೊ ಅವ್ವ. ಒಂದ್ ಚೂರೂ ಇತ್ಲೆ."