ಭೂಸನೂರ ರಸ್ತೆಯಲ್ಲಿ ಎರಡು ಸೈಕಲ್

ಎರಡು ಸೈಕಲ್‌ಗಳಲ್ಲಿ ಒಂದನ್ನು ಕೊಳ್ಳುವ ಮೊದಲು ಓಡಿಸಿ ನೋಡಲು ಹೊರಟಿದ್ದೆ. ನಾನು ತೆಳು ಗಾಲಿಯ ಗ್ರಾವೆಲ್ ಬೈಕಿನ ಮೇಲೆ, ಗೆಳೆಯ ಮಲ್ಲಣ್ಣ ದಪ್ಪ ಗಾಲಿಯ ಮೌಂಟನ್ ಬೈಕಿನ ಮೇಲೆ. ಭೂಸನೂರ ರಸ್ತೆಯಲ್ಲಿ ಎದುರಾದ ಕಬ್ಬಿನ ಟ್ರ್ಯಾಕ್ಟರಿನ ಎರಡನೆಯ ಟ್ರಾಲಿ ನನ್ನ ಕಡೆ ವಾಲಿತು. ಡಾಂಬರು ಬಿಟ್ಟು ಇಳಿದೆ. ತೆಳು ಗಾಲಿ ಎರೆಮಣ್ಣಿನ ಬಿರುಕಿನಲ್ಲಿ ಸಿಕ್ಕಿತು, ಬಿದ್ದೆ.

ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು ನನ್ನ ಕೈಗೆ ಕಬ್ಬಿನ ತುಂಡು ಕೊಟ್ಟಳು. “ತಿನ್ರಿ ಅಣ್ಣಾರ. ಇಲ್ಲಿ ಎಲ್ಲಾರೂ ಹಿಂಗ ಇಳೀತಾರ್ರಿ.”

“ಡಾಂಬರಿನ ಮ್ಯಾಲ ಕುದುರಿ ಆಗಿದ್ಯಲ್ಲಲೇ,” ಎಂದ ಮಲ್ಲಣ್ಣ.

“ನಿಂದು ಕೊಡಲೇ ಇಲ್ಲಿ,” ಎಂದು ಅವನ ದಪ್ಪ ಗಾಲಿಯ ಸೈಕಲ್ ಹತ್ತಿದೆ.

ಮುಂದಿನ ಟ್ರ್ಯಾಕ್ಟರ್ ಬಂದಾಗ ನಾನು ಪೆಡಲ್ ತುಳಿಯುತ್ತಲೇ ಇಳಿದೆ, ಬಿರುಕು ದಾಟಿದೆ, ಮತ್ತೆ ರಸ್ತೆ ಹತ್ತಿದೆ. ಚಾಲಕ ಕೈ ಎತ್ತಿ ಹೋದ.

“ಇದನ್ನ ತಗೋತೇನಿ,” ಎಂದು ಮಲ್ಲಣ್ಣನಿಗೆ ಕೂಗಿ ಹೇಳಿದೆ.