ನೀರಲ್ಲಿ ಕಲಸಿದ ಭಂಡಾರ

ಮೊನ್ನೆ ಎದುರು ಮನೆಯವರು ಜೇಜುರಿಯ ಮಲ್ಲಯ್ಯನ ಗುಡಿಗೆ ಹೋಗಿಬಂದು ಭಂಡಾರದ, ಅಂದರೆ ದೇವರ ಅರಿಸಿನಪುಡಿಯ, ಪೊಟ್ಟಣ ಕೊಟ್ಟರು. ಬಿಚ್ಚುವ ಮೊದಲೇ ಅರಿಸಿನದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ದೇವರಿಗಿಂತ ಮೊದಲು ನಮ್ಮ ಡಾಕ್ಟರ್‌ಬಾಯಿ ನೆನಪಾಗುತ್ತಾರೆ...

ಅವರು ಧಾರವಾಡದ ಕಡೆಯವರು. ಪುಣೆಯಲ್ಲಿ ಕಿಡ್ನಿ ಕಸಿ ಆದವರನ್ನು ನೋಡುತ್ತಿದ್ದರು, ಅವರ ಕಾಯಿಲೆಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಿಗೆ ಬರೆಯುತ್ತಿದ್ದರು. ನನ್ನ ಗಂಡನಿಗೆ ಅತ್ತೆಯೇ ಕಿಡ್ನಿ ಕೊಟ್ಟಿದ್ದರು. ಅದನ್ನು ಮೈ ತಳ್ಳಿಹಾಕದಂತೆ ಕೊಡುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ, ಧೂಳಿನಿಂದ ದೂರ ಇರಬೇಕು ಎಂದು ಡಾಕ್ಟರ್‌ಬಾಯಿ ಹೇಳಿ ಹೇಳಿ ಕಳಿಸಿದ್ದರು. ಪುಣೆಯಲ್ಲಿ ನಾವಿದ್ದ ಖರಾಡಿ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಕಟ್ಟಡದ ಕೆಲಸ. ನಾವು ಕಿಟಕಿಯನ್ನೇ ತೆಗೆಯುತ್ತಿರಲಿಲ್ಲ.

ಆದರೆ ಅತ್ತೆಯದೊಂದು ಹರಕೆಯಿತ್ತು. ಚೇತರಿಸಿಕೊಂಡ ಮಗನನ್ನು ಜೇಜುರಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಇದ್ದ ಮಾಸ್ಕನ್ನು ಗುಡಿಯಲ್ಲಿ ತೆಗೆಸಿದರು. ದೇವರ ಮುಂದೆ ಮುಖ ಮುಚ್ಚಿಕೊಂಡು ನಿಲ್ಲುವುದುಂಟೇ? ಏಳುಕೋಟಿ ಎಂದು ದೇವರಿಗೆ ಜಯಕಾರ ಹಾಕುತ್ತಾ ಬೊಗಸೆ ತುಂಬ ಭಂಡಾರ ತೂರಿದರು. ಭಂಡಾರವನ್ನು ಧೂಳು ಅಂತ ಯಾರಾದರೂ ಅಂದುಕೊಳ್ಳುತ್ತಾರೆಯೇ, ನೀವೇ ಹೇಳಿ.

ಸ್ವಲ್ಪ ದಿನಕ್ಕೆ ಜ್ವರ ಬಂತು, ಕೆಮ್ಮಿದರೆ ರಕ್ತ. ಧೂಳಿನ ಜೊತೆ ಉಸಿರಿಗೆ ಸೇರುವ ಬೂಷ್ಟು ಪುಪ್ಪುಸಕ್ಕೆ ಹತ್ತಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರ್‌ಬಾಯಿ ಕೇಳಿದರೆ ಅತ್ತೆ ಮುಖ ಆಚೆ ತಿರುಗಿಸಿದರು. ದೇವರ ಮೇಲೆ ಅಪವಾದ ಬಂದೀತೆಂಬ ಭಯ. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ್‌ಬಾಯಿ ನನ್ನ ಗಂಡನ ಕೈ ಎತ್ತಿ, ಗುಡಿಯಲ್ಲಿ ಮಣಿಕಟ್ಟಿಗೆ ಕಟ್ಟಿದ್ದ, ಭಂಡಾರದಿಂದ ಹಳದಿಗಟ್ಟಿದ ದಾರವನ್ನು ನೋಡಿದರು. ಅತ್ತೆ ಅಳತೊಡಗಿದರು.

“ನಮ್ಮನಿ ದೇವರೂ ಮಲ್ಲಯ್ಯನ ರೀ, ಅವ್ವಾ. ತಪ್ಪು ನಂದು. ಧೂಳು ಅಂತ ಹೇಳಿದೆ, ಭಂಡಾರ ಅಂತ ಹೇಳಲಿಲ್ಲ,” ಎಂದರು ಡಾಕ್ಟರ್‌ಬಾಯಿ.

ಪುಪ್ಪುಸ ಉಳಿಯಬೇಕಾದರೆ ಕಿಡ್ನಿ ಕಾಯುವ ಆ ಮಾತ್ರೆಗಳ ಪ್ರಮಾಣ ಇಳಿಸಬೇಕಿತ್ತು. ಇಳಿಸಿದರೆ ಕಿಡ್ನಿ ಹೋಗಬಹುದಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಕಿಡ್ನಿ ಹೋದ್ರ ಹೋಗ್ಲಿರಿ. ಮಗ ಇರ್ಲಿ,” ಎಂದರು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ರಕ್ತದ ರಿಪೋರ್ಟಿಗೆ ಕಾಯುವುದೇ ನಮ್ಮ ಬಾಳಾಯಿತು. ಡಾಕ್ಟರ್‌ಬಾಯಿ ಬರುವುದು ಕಂಡರೆ ಸಾಕು, ನಾನು ಎದ್ದು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಅವರು ಅತ್ತೆಯ ಪಕ್ಕ ಕುಳಿತು ಚಹಾ ತರಿಸಿದರು. ಕಿಡ್ನಿ ಉಳಿದಿತ್ತು. ಗಂಡನೂ.

ಆಮೇಲೆ ಇದನ್ನು ಪತ್ರಿಕೆಗೆ ಬರೆಯಬಹುದೇ ಎಂದು ಡಾಕ್ಟರ್‌ಬಾಯಿ ಅತ್ತೆಯನ್ನೇ ಕೇಳಿದರು. ದೇವರ ಹೆಸರು ಮಾತ್ರ ಬೇಡವೆಂದರು ಅತ್ತೆ. ಡಾಕ್ಟರ್‌ಬಾಯಿ ಅರಿಸಿನದ ಪುಡಿ ಎಂದಷ್ಟೇ ಬರೆದರು. ಅಚ್ಚಾದ ಲೇಖನದ ಪ್ರತಿ ಕೊಡುವಾಗ, ಇನ್ನು ಭಂಡಾರ ತೂರಬೇಡಿ, ನೀರಲ್ಲಿ ಕಲಸಿ ಹಚ್ಚಿ, ಮಲ್ಲಯ್ಯ ಸಿಟ್ಟಾಗುವುದಿಲ್ಲ ಎಂದಿದ್ದರು.

ಕಳೆದ ವರ್ಷ ತಪಾಸಣೆಗೆ ಹೋದಾಗ ಅವರ ಕುರ್ಚಿಯಲ್ಲಿ ಬೇರೆ ಡಾಕ್ಟರಿದ್ದರು. ಡಾಕ್ಟರ್‌ಬಾಯಿ ತೀರಿಕೊಂಡಿದ್ದರು, ನಮಗೆ ಗೊತ್ತೇ ಆಗಿರಲಿಲ್ಲ... ಅರಿಸಿನದ ಪುಡಿಯ ಧೂಳಿನಿಂದ ದೂರ ಇರಿ, ಹಿಂದೆ ಒಬ್ಬ ರೋಗಿಗೆ ಹೀಗಾಗಿತ್ತಂತೆ, ಓದಿದ್ದೇನೆ ಎಂದರು ಹೊಸ ಡಾಕ್ಟರು. ಆ ರೋಗಿ ಅವರೆದುರೇ ತಲೆತಗ್ಗಿಸಿ ಅಳುತ್ತಿದ್ದರು.

ಮೊನ್ನೆ ಅತ್ತೆ ಪೊಟ್ಟಣವನ್ನು ಹೊಸ್ತಿಲಾಚೆಯೇ ಇರಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ನೀರು ಸುರಿದು ಕಲಸಿದರು. ಮಗನ ಹಣೆಗೆ ಹಚ್ಚಿದರು, ನನಗೆ ಹಚ್ಚಿದರು. ಆಮೇಲೆ ಆ ಇಂಗ್ಲಿಷ್ ಲೇಖನ ತರಿಸಿಕೊಂಡು, “ಇದರಾಗ ಡಾಕ್ಟರ್‌ಬಾಯಿ ಹೆಸರು ಎಲ್ಲಿ ಅದ?” ಎಂದು ಕೇಳಿದರು.

ತೋರಿಸಿದೆ. ಹೆಸರಿನ ಮೇಲೂ ಭಂಡಾರದ ಬೊಟ್ಟಿಟ್ಟರು.