ತೆಂಗಿನೆಣ್ಣೆ ಹಚ್ಚಿಸಿಕೊಂಡ ಕಂಪ್ಯೂಟರ್

ಮಳೆಗಾಲ ಹತ್ತಿರ ಬಂತೆಂದರೆ ನಾನು ಗೇಟಿನ ಚಿಲಕ, ಕತ್ತಿ, ಹೊಲಿಗೆ ಯಂತ್ರ ಎಲ್ಲಕ್ಕೂ ತೆಂಗಿನೆಣ್ಣೆ ಸವರುತ್ತೇನೆ. ಹೊನ್ನಾವರದ ಉಪ್ಪುಗಾಳಿಗೆ ಕಬ್ಬಿಣ ಉಳಿಯಬೇಕಾದರೆ ಇದೊಂದೇ ದಾರಿ ಎಂದು ಕಲಿಸಿದವರು ಅತ್ತೆ, ನನ್ನ ಗಂಡನ ತಾಯಿ. ನಿನ್ನೆ ಚಿಲಕಕ್ಕೆ ಎಣ್ಣೆ ಹಚ್ಚಿ ಬೆರಳು ಮೂಸಿದೆ. ಒಬ್ಬಳಿಗೇ ನಗು ಬಂತು. ಏಕೆಂದು ನಿಮಗೂ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡಲು ಮನೆಯಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಕುಮಟೆಯಲ್ಲಿ ಯಾರೋ ಮುಚ್ಚಿದ ಟೈಪಿಂಗ್ ಕ್ಲಾಸಿನಿಂದ ತಂದದ್ದು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ನೋಡಿ ಬರಬಹುದಿತ್ತು. ಬಿಡುವಾದಾಗ ಅತ್ತೆ ಪಕ್ಕದಲ್ಲಿ ಕೂತು ಮದುವೆ ಹಾಡು, ಗದ್ದೆ ನಾಟಿಯ ನೆಟ್ಟಿ ಹಾಡು ಹೇಳುವರು. ನಾನು ಟೈಪ್ ಮಾಡುವೆ. ಎರಡು ವರ್ಷದ ಆ ಕೆಲಸಕ್ಕೆ ಬೇರೆ ಪ್ರತಿ ಇರಲಿಲ್ಲ. ನಾಳೆ ತೆಗೆದರಾಯಿತು ಎನ್ನುವುದರಲ್ಲಿ ನಾನು ಬಹಳ ಹಳಬಳು.

ಹೊಸ ಕಂಪ್ಯೂಟರ್ ಕೊಳ್ಳುವ ತಾಕತ್ತಿರಲಿಲ್ಲ. ಭಟ್ಕಳದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸಮೀರ್, "ಹೊಸದು ಎಂತಕ್ಕೆ ಅಕ್ಕಾ? ಇನ್ನೊಂದು ರ‍್ಯಾಮ್ ಹಾಕಿ, ಓಡ್ತದೆ" ಎಂದು ಯಾರೋ ಬಿಚ್ಚಿಸಿಟ್ಟಿದ್ದ ಒಂದು ಪಟ್ಟಿಯನ್ನು ಅಗ್ಗಕ್ಕೆ ಕೊಟ್ಟ. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಹಲ್ಲು. ಕೂರಿಸುವ ಬಗೆಯನ್ನೂ ತೋರಿಸಿಕೊಟ್ಟ.

ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗಿದ್ದ ಹಳೆಯ ಪಟ್ಟಿಯನ್ನೂ ತೆಗೆದು, ಎರಡನ್ನೂ ಪೇಪರಿನ ಮೇಲಿಟ್ಟೆ. ಅಷ್ಟರಲ್ಲಿ ಲಗ್ನಪತ್ರಿಕೆಯವರು ಬಂದರು. ಜಗಲಿಯಲ್ಲಿ ಮಾತಾಡಿ ಅವರನ್ನು ಕಳಿಸಿ ಬಂದೆ. ಪಟ್ಟಿ ಎರಡನ್ನೂ ಒಳಗೆ ಕೂರಿಸಿ ಗುಂಡಿ ಒತ್ತಿದರೆ ಪರದೆ ಕಪ್ಪಗೆ. ಡಬ್ಬದೊಳಗಿಂದ ಪೀಂ ಪೀಂ ಎಂಬ ಸದ್ದು ಮಾತ್ರ. ಹಳೆಯದೊಂದನ್ನೇ ಹಾಕಿದರೂ ಅದೇ ಪೀಂ. ಹಾಡೆಲ್ಲ ಹೋಯಿತು.

ಅಳು ತಡೆದುಕೊಂಡು ನೋಟ್‌ಬುಕ್ ಹಿಡಿದು, "ಅತ್ತೆ, ಆ ಧಾರೆ ಹಾಡು ಇನ್ನೊಂದ್ಸಲ ಹೇಳಿ" ಎಂದೆ. ಶುರು ಮಾಡಿದರು. ಮೂರನೇ ಸಾಲಿಗೆ ನಿಂತರು. ಮತ್ತೆ ಮೊದಲಿಂದ ಹೇಳಿ ಅಲ್ಲೇ ನಿಂತರು.

"ಬರೆಸಿ ಆತಲ್ಲ ಅಂತ ನೆನಪಿಟ್ಕಳ್ಳೂದೇ ಬಿಟ್ಟುಬಿಟ್ಟೆ ತಂಗಿ. ಈಗ ಎಂತ ಮಾಡೂದು?" ಎಂದರು ಅತ್ತೆ.

ಅವರ ಮುಖ ನೋಡಲಾಗಲಿಲ್ಲ. ಪಟ್ಟಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಸಮೀರನ ಅಂಗಡಿಗೆ ಶುಕ್ರವಾರ ರಜೆ, ಭಾನುವಾರ ತೆರೆದಿರುತ್ತಿತ್ತು. ಕೆಟ್ಟ ಮಾಲು ಕೊಟ್ಟನೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನ ಗ್ರಹಚಾರ ಬಿಡಿಸಿದ್ದೆ. ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದ, ಬೆರಳಾಡಿಸಿದ, ಮೂಸಿದ.

"ಅಕ್ಕಾ, ಇದ್ಕೆ ತೆಂಗಿನೆಣ್ಣೆ ಹಾಕಿದ್ದು ಯಾರು?"

ಯಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸಮೀರ್ ನಗುತ್ತಲೇ ಹಲ್ಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸೀಸೆಯಲ್ಲಿ ಒಂದಿಷ್ಟು ಸ್ಪಿರಿಟ್ಟನ್ನೂ ಕೊಟ್ಟ. "ಕೂರಿಸೂ ಜಾಗಕ್ಕೂ ಬ್ರಶ್ಶಿಂದ ತಿಕ್ಕಿ, ಒಣಗಿದ್ಮೇಲೆ ಹಾಕಿ. ನಿಮ್ಮ ಹಾಡು ಬೇರೆ ಕಡೆ ಇರೂದು, ಹಾರ್ಡ್ ಡಿಸ್ಕಲ್ಲಿ. ಅದಕ್ಕೆ ಎಂತ ಆಗಲಿಲ್ಲ."

ಸಂಜೆ ಮನೆಗೆ ಬಂದು ಹಾಗೆಯೇ ಮಾಡಿ ಗುಂಡಿ ಒತ್ತಿದೆ. ಒಂದೇ ಒಂದು ಪೀಂ, ಪರದೆ ಬೆಳಗಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ, "ಹಾಡು ಇರೂ ಪೆಟ್ಟಿಗೆ ಅಲ್ವಾ, ತುಕ್ಕು ಹಿಡೀತದೆ ಅಂತ ಎರಡಕ್ಕೂ ವಂಚೂರು ಸವರಿದ್ದೆ" ಎಂದರು. ಧಾರೆ ಹಾಡು ತೆರೆದು ಮೂರನೇ ಸಾಲು ಓದಿದೆ. ಅತ್ತೆ ನಾಲ್ಕನೆಯದನ್ನು ಹಿಡಿದುಕೊಂಡು ಕೊನೆಯವರೆಗೂ ಹಾಡಿಯೇಬಿಟ್ಟರು. ಮರುದಿನವೇ ಎಲ್ಲವನ್ನೂ ಪ್ರಿಂಟ್ ತೆಗೆಸಿ ಹೊಲಿದಿಟ್ಟೆ.

ಅತ್ತೆ ಈಗಿಲ್ಲ. ಹಾಡಿನ ಕಟ್ಟು ಕಪಾಟಿನಲ್ಲಿದೆ. ನಿನ್ನೆ ಚಿಲಕದ ಕೆಲಸ ಮುಗಿದ ಮೇಲೂ ಬಟ್ಟಲಿನ ತಳದಲ್ಲಿ ಎಣ್ಣೆ ಉಳಿದಿತ್ತು. ಕಪಾಟಿನ ಬೀಗಕ್ಕೂ ಸವರಿದೆ. ಸವರುವಾಗ ಆ ಧಾರೆ ಹಾಡು ಬಾಯಿಗೆ ಬಂತು. ಮೂರನೇ ಸಾಲಿಗೆ ನಾನು ನಿಲ್ಲಲಿಲ್ಲ.